ಇನ್ನೋವೇಶನ್ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕಾ? ಶುರು ಇಲ್ಲಿಂದ ಮಾಡಿ

ಎಂ.ಎ. ಅರ್ಥಶಾಸ್ತ್ರ ಮುಗಿಸಿ ತಂತ್ರಜ್ಞಾನ, ಪೇಟೆಂಟ್, ಸರ್ಕಾರದ ನೀತಿ ಅಂತ ಸಂಶೋಧನೆಗೆ ಇಳಿಯುವವರು ಸಾಮಾನ್ಯವಾಗಿ 'ಭಾರತದಲ್ಲಿ ಇನ್ನೋವೇಶನ್ ಮತ್ತು ಬೆಳವಣಿಗೆ' ಅನ್ನುವಂಥ ಪ್ರಪೋಸಲ್ ಬರೆಯುತ್ತಾರೆ. ಅದನ್ನು ಬಿಡಿ. ತಾರೀಖು ಇರುವ ಒಂದು ನೀತಿ ಬದಲಾವಣೆ ಹಿಡಿಯಿರಿ.

ಔಷಧಿಯನ್ನೇ ತಗೊಳ್ಳಿ. 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದೇ ಔಷಧಿಯನ್ನು ಬೇರೆ ವಿಧಾನದಲ್ಲಿ ಮಾಡುವುದನ್ನು ನಮ್ಮ ಕಂಪನಿಗಳು ಕಲಿತವು. 2005ರಲ್ಲಿ ಔಷಧಿಗೂ ಪೇಟೆಂಟ್ ಬಂತು. ಆಮೇಲೆ ಕಂಪನಿಗಳು ಸಂಶೋಧನೆಗೆ ಜಾಸ್ತಿ ಖರ್ಚು ಮಾಡಿದ್ದರೆ ಅದು ಕಾಯ್ದೆಯಿಂದಲಾ, ಇಲ್ಲ ಅಮೆರಿಕದ ಜೆನೆರಿಕ್ (ಪೇಟೆಂಟ್ ಮುಗಿದ ಔಷಧಿಗಳ ಅಗ್ಗದ ನಕಲು) ಮಾರುಕಟ್ಟೆ ಕಂಡಿದ್ದರಿಂದಲಾ? ಕಾಯ್ದೆ ಬದಲಾಗದೇ ಇದ್ದಿದ್ದರೆ ಏನಾಗುತ್ತಿತ್ತು? ಇದನ್ನು ಬಿಡಿಸಿ ತೋರಿಸುವುದೇ ಈ ಕ್ಷೇತ್ರದ ಕಸುಬು. ಈ ವಿಷಯದ ಮೇಲೆ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ, ಹಾಗಾಗಿ ಕಲಿಯುವುದಕ್ಕೆ ಇದನ್ನು ಓದಿ, ಥೀಸಿಸ್‌ಗೆ ಬೇರೆ ಹುಡುಕಿ.

ಪ್ರಶ್ನೆ ಸಿಕ್ಕ ತಕ್ಷಣ ಡೇಟಾ ನೋಡಿ, ಓದುವುದು ಆಮೇಲೆ. ಭಾರತದ ಪೇಟೆಂಟ್ ಕಚೇರಿಯ ಹುಡುಕಾಟ ಉಚಿತ. ಕಂಪನಿಗಳ ಲೆಕ್ಕಪತ್ರಕ್ಕೆ ಪ್ರೋವೆಸ್ ಅನ್ನುವ ಡೇಟಾಬೇಸ್ ಬೇಕು, ಅದಕ್ಕೆ ದುಡ್ಡು ಕೊಡಬೇಕು, ನಿಮ್ಮ ಸಂಸ್ಥೆಯ ಲೈಬ್ರರಿ ತರಿಸುತ್ತದಾ ಅಂತ ಸೇರುವ ಮೊದಲೇ ಕೇಳಿ. ಪೇಟೆಂಟ್ ಡೇಟಾದಲ್ಲಿ ಗುಂಡಿಗಳು ಜಾಸ್ತಿ. ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುತ್ತದೆ, ಹಾಗಾಗಿ ಗ್ರಾಫ್‌ನ ಕೊನೆ ಯಾವಾಗಲೂ ಕುಸಿದಂತೆ ಕಾಣುತ್ತದೆ. ಅದನ್ನು ನೋಡಿ 'ಇನ್ನೋವೇಶನ್ ಇಳಿದಿದೆ' ಅಂತ ಬರೆದರೆ ಸೆಮಿನಾರಿನಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಕಂಪನಿ ಹೆಸರುಗಳದ್ದು ಇನ್ನೊಂದು ತಲೆನೋವು: ಹಿಂದೂಸ್ತಾನ್ ಲಿವರ್ 2007ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಆಯಿತು, ಕಂಪ್ಯೂಟರ್‌ಗೆ ಅವು ಎರಡು ಕಂಪನಿ. ಇಂಥವನ್ನು ಹೊಂದಿಸುವುದರಲ್ಲೇ ತಿಂಗಳುಗಟ್ಟಲೆ ಹೋಗುತ್ತದೆ, ಅದಕ್ಕೇ ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಈಗಲೇ ಕಲಿಯಿರಿ. ಇನ್ನು ಫಾರ್ಮ್ 27 ಅಂತ ಒಂದಿದೆ, ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಬಳಸುತ್ತಿದ್ದಾರಾ ಇಲ್ಲವಾ ಅಂತ ಹೇಳಬೇಕಾದ ಫಾರ್ಮ್. ನನಗೆ ಕೇಳಿದರೆ ಪೇಟೆಂಟ್ ಎಣಿಸುವುದಕ್ಕಿಂತ ಅದನ್ನು ಓದುವುದೇ ಹೆಚ್ಚು ಮಜಾ.

ಎಲ್ಲಿ ಸೇರಬೇಕು ಅನ್ನುವುದು ನಿಮ್ಮ ಗಣಿತದ ಮೇಲೆ ಹೋಗುತ್ತದೆ. ಅಮೆರಿಕದ ಅರ್ಥಶಾಸ್ತ್ರ ವಿಭಾಗಗಳು ಗಟ್ಟಿ ಗಣಿತ ಕೇಳುತ್ತವೆ. 2025ರ ಅರ್ಥಶಾಸ್ತ್ರ ನೊಬೆಲ್ ಮೋಕಿರ್, ಅಘಿಯೋನ್, ಹೋವಿಟ್ ಅವರಿಗೆ ಬಂತಲ್ಲ, ಹೊಸ ತಂತ್ರಜ್ಞಾನ ಹಳೆಯದನ್ನು ತಳ್ಳಿ ಬೆಳವಣಿಗೆ ತರುವುದರ ಬಗ್ಗೆ ಕೊನೆಯ ಇಬ್ಬರು ಕಟ್ಟಿದ ಮಾಡೆಲ್ ಬಿಡಿಸಿ ನೋಡಿ, ಅಂದಾಜು ಸಿಗುತ್ತದೆ. ಸಂಸ್ಥೆಗಳು, ಇತಿಹಾಸ, ನೀತಿ ಎಲ್ಲ ಸೇರಿಸಿ ನೋಡುವ ಮನಸ್ಸಿದ್ದರೆ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೀಮನ್ 1966ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ವಿಜ್ಞಾನ ನೀತಿ ಸಂಶೋಧನಾ ಕೇಂದ್ರ ಎಸ್‌ಪಿಆರ್‌ಯು ಇದೆ, ನೆದರ್ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಯುಎನ್‌ಯು-ಮೆರಿಟ್ ಇದೆ. ಇಲ್ಲೇ ಅಂದರೆ ತಿರುವನಂತಪುರದ ಸಿಡಿಎಸ್ (ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್), ದೆಹಲಿ ಜೆಎನ್‌ಯುನ ವಿಜ್ಞಾನ ನೀತಿ ಕೇಂದ್ರ. ಇಲ್ಲಿ ಮಾಡುವವರು ಜೆಆರ್‌ಎಫ್ (ಸಂಶೋಧಕರಿಗೆ ಫೆಲೋಶಿಪ್ ಕೊಡುವ ಪರೀಕ್ಷೆ) ಬರೆಯಲೇಬೇಕು. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದ್ದರೆ ಮನೆಯವರ ಮುಂದೆ ಕೈ ಚಾಚಬೇಕಾಗಿಲ್ಲ.

ಗೈಡ್ ಆರಿಸುವಾಗ ಹೆಸರು ನೋಡಿ ಮರುಳಾಗಬೇಡಿ. ಅವರ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಅಂತ ಆ ವಿದ್ಯಾರ್ಥಿಗಳನ್ನೇ ಕೇಳಿ. ಒಂದು ಇಮೇಲ್ ಹಾಕಿದರೆ ಬಹಳ ಮಂದಿ ಸುಮ್ನೆ ಇರಲ್ಲ, ಬಿಚ್ಚಿ ಹೇಳುತ್ತಾರೆ.