ಸ್ಯಾಕ್ಸೋಫೋನ್ ಕಲೀಬೇಕಾ? ಮೊದ್ಲು ಯಾವ್ದು ಅಂತ ತೀರ್ಮಾನ ಮಾಡ್ಕೊಳ್ಳಿ

ಮಂಗಳೂರು ಉಡುಪಿ ಕಡೆ ಮದುವೆಗೋ ದೇವಸ್ಥಾನದ ಉತ್ಸವಕ್ಕೋ ಹೋದ್ರೆ ಸ್ಯಾಕ್ಸೋಫೋನ್ ಕಿವಿಗೆ ಬೀಳ್ದೇ ಇರಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ಇದು, ಅದನ್ನ ಕರ್ನಾಟಕ ಸಂಗೀತದ ಕಛೇರಿಗೆ ತಂದು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೂ ಒಯ್ದಿದ್ದು ನಮ್ಮ ಕದ್ರಿ ಗೋಪಾಲನಾಥ್. ಅವ್ರನ್ನ ಕೇಳಿಯೇ ಕಲೀಬೇಕು ಅನ್ನಿಸಿದವ್ರು ಎಷ್ಟೋ ಜನ, ಆದ್ರೆ ಅಂಗಡಿಗೆ ಹೋದ್ಮೇಲೆ ಯಾವ್ದು ತಗೊಳ್ಳೋದು ಅಂತ ಕಂಗಾಲು.

ಸಾಮಾನ್ಯವಾಗಿ ಸಿಗೋದು ನಾಲ್ಕು, ಚಿಕ್ಕದರಿಂದ ದೊಡ್ಡದಕ್ಕೆ: ಸೊಪ್ರಾನೋ, ಆಲ್ಟೋ, ಟೆನರ್, ಬ್ಯಾರಿಟೋನ್. ಬೆರಳು ಇಡೋ ಕ್ರಮ ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಒಂದು ಕಲಿತ್ರೆ ಇನ್ನೊಂದಕ್ಕೆ ಹೋಗೋದು ಕಷ್ಟ ಇಲ್ಲ, ತುಟಿ ಮತ್ತೆ ಉಸಿರು ಮಾತ್ರ ಹೊಸದಾಗಿ ಹೊಂದಿಸ್ಕೋಬೇಕು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಕೆನ್ನಿ ಜಿ ಅವ್ರನ್ನ ಕೇಳಿ ಸೊಪ್ರಾನೋ ಬೇಕು ಅಂತ ಹಟ ಹಿಡಿಯೋವ್ರಿದ್ದಾರೆ, ದಯವಿಟ್ಟು ಅದರಿಂದ ಶುರು ಮಾಡ್ಬೇಡಿ, ಬಾಯಿಗಿಟ್ಟು ಊದೋ ಮೌತ್‌ಪೀಸ್ ಸಣ್ಣದು, ತುಟಿ ಒಂಚೂರು ಸಡಿಲಾದ್ರೂ ಶ್ರುತಿ ಜಾರುತ್ತೆ. ಬ್ಯಾರಿಟೋನ್ ಭಾರ ಜಾಸ್ತಿ, ಈಗ ಬಿಟ್ಬಿಡಿ.

ಉಳಿದಿದ್ದು ಆಲ್ಟೋ, ಟೆನರ್. ನನ್ನ ಪ್ರಕಾರ ಆಲ್ಟೋನೇ ಸರಿ. ಗೋಪಾಲನಾಥ್ ಅವ್ರು ನುಡಿಸ್ತಿದ್ದಿದ್ದೂ ಅದೇ. ತೂಕ ಸುಮಾರು ಎರಡೂವರೆ ಕೆಜಿ, ಟೆನರ್ ಮೂರು ಕೆಜಿ ದಾಟುತ್ತೆ, ಉಸಿರೂ ಜಾಸ್ತಿ ಕೇಳುತ್ತೆ. ಶ್ರುತಿ ವಿಷ್ಯಾನೂ ತಿಳ್ಕೊಂಡಿರಿ: ಆಲ್ಟೋದಲ್ಲಿ ಸಿ ಸ್ವರದ ಬೆರಳು ಹಿಡಿದ್ರೆ ಬರೋದು ಹಾರ್ಮೋನಿಯಂನ ಕಪ್ಪು ಎರಡು (ಎರಡನೇ ಕಪ್ಪು ಮನೆ), ಟೆನರ್‌ನಲ್ಲಿ ಅದೇ ಬೆರಳಿಗೆ ಕಪ್ಪು ಐದು. ಹಾಡೋವ್ರ ಜೊತೆ, ಭಜನೆ ಜೊತೆ ನುಡಿಸೋಕೆ ಕೂತಾಗ ಇದು ಗೊತ್ತಿಲ್ಲ ಅಂದ್ರೆ ತುಂಬಾ ಗೊಂದಲ ಆಗುತ್ತೆ. ಗಟ್ಟಿಮುಟ್ಟಾದ ಆಳು, ಜಾಝ್‌ನ ಆ ದಪ್ಪ ದನೀನೇ ಬೇಕು ಅನ್ನೋರಾದ್ರೆ ಮಾತ್ರ ನೇರ ಟೆನರ್ ಹಿಡೀರಿ.

ದುಡ್ಡು ಕೊಡೋ ಮುಂಚೆ ಸ್ಟ್ರಾಪ್ ಕುತ್ತಿಗೆಗೆ ಹಾಕ್ಕೊಂಡು ನಿಂತು ನೋಡಿ. ಮೌತ್‌ಪೀಸ್ ತಾನಾಗಿ ಬಾಯಿಗೆ ಬರ್ಬೇಕು, ನೀವು ತಲೆ ಬಗ್ಗಿಸಬಾರ್ದು. ಮಕ್ಕಳಿಗಾದ್ರೆ ಬಲಗೈ ಕಿರುಬೆರಳು ಕೆಳಗಿನ ಎರಡು ಕೀಗಳಿಗೆ ಆರಾಮಾಗಿ ಮುಟ್ಟುತ್ತಾ ಅಂತ ನೋಡಿ, ಎಳೆದು ಮುಟ್ಟೋ ಹಾಗಿದ್ರೆ ಸ್ವಲ್ಪ ಕಾಯೋದೇ ಒಳ್ಳೇದು. ಸೆಕೆಂಡ್ ಹ್ಯಾಂಡ್ ತಗೊಳ್ತೀರಾದ್ರೆ ಕತ್ತಲೆ ರೂಮಲ್ಲಿ ಒಳಗಡೆ ಒಂದು ಸಣ್ಣ ಎಲ್‌ಇಡಿ ಲೈಟ್ ಇಳಿಸಿ ಕೀಗಳನ್ನ ಮೆಲ್ಲಗೆ ಒತ್ತಿ, ಮುಚ್ಚಿದ ಪ್ಯಾಡಿನ (ತೂತು ಮುಚ್ಚೋ ಮೆತ್ತನೆ ಬಿಲ್ಲೆ) ಸುತ್ತ ಬೆಳಕು ಕಂಡ್ರೆ ಅಲ್ಲಿ ಗಾಳಿ ಸೋರುತ್ತೆ ಅಂತ ಅರ್ಥ, ರಿಪೇರಿ ಖರ್ಚು ಕಳೆದೇ ರೇಟ್ ಮಾತಾಡಿ.

ಮನೆಗೆ ತಂದ ದಿನವೇ ಇಡೀ ವಾದ್ಯ ಜೋಡಿಸೋ ಆತುರ ಬೇಡ, ಮೊದ್ಲು ಮೌತ್‌ಪೀಸ್ ಒಂದನ್ನೇ ಊದಿ ನೋಡಿ. ರೀಡ್ (ಮೌತ್‌ಪೀಸಿಗೆ ಕೂರಿಸೋ, ಊದಿದಾಗ ಕಂಪಿಸೋ ತೆಳು ಪಟ್ಟಿ) ಎರಡು ಅಥ್ವಾ ಎರಡೂವರೆ ನಂಬರಿಂದು ಸಾಕು, ಅದನ್ನ ಒಂದು ನಿಮಿಷ ಬಾಯಲ್ಲಿಟ್ಟು ನೆನೆಸಿ, ತುದಿ ಮೌತ್‌ಪೀಸಿನ ತುದಿಗೆ ಸರಿಸಮ ಬರೋ ಹಾಗೆ ಕೂರಿಸಿ ಅದನ್ನ ಹಿಡಿದಿಡೋ ಪಟ್ಟಿಯ ಸ್ಕ್ರೂ ಬಿಗಿ ಮಾಡಿ, ತೀರಾ ಬಿಗಿ ಬೇಡ. ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ, ಕೆಳತುಟಿ ಕೆಳಹಲ್ಲಿನ ಮೇಲೆ ಸ್ವಲ್ಪ ಒಳಗೆ ಮಡಚಿ, ಕೆನ್ನೆ ಉಬ್ಬಿಸದೆ ಊದಿ. ಆಲ್ಟೋದ ಮೌತ್‌ಪೀಸ್ ಒಂದನ್ನೇ ಊದಿದಾಗ ಹಾರ್ಮೋನಿಯಂನ ಬಿಳಿ ಆರರ ಹತ್ರ ದನಿ ಬರ್ಬೇಕು, ತುಂಬಾ ಮೇಲೆ ಹೋಯ್ತು ಅಂದ್ರೆ ಕಚ್ಚಿ ಹಿಡಿದಿದ್ದೀರಿ. ಆಮೇಲೆ ವಾದ್ಯ ಜೋಡಿಸಿ ತಂಬೂರಿ ಆ್ಯಪ್ ಹಾಕ್ಕೊಂಡು ಒಂದೇ ಸ್ವರ ಉದ್ದಕ್ಕೆ ಎಳೀರಿ, ಅಲುಗಾಡದೆ ನಿಲ್ಲೋವರೆಗೂ ಸರಳೆಗೆ (ಸರಿಗಮದ ಮೊದಲ ಪಾಠ) ಹೋಗ್ಬೇಡಿ. ಗಮಕ (ಸ್ವರವನ್ನ ಅಲುಗಿಸಿ ಜಾರಿಸೋದು) ಆಮೇಲಿನ ಮಾತು, ಅದು ತುಟಿ ದವಡೆ ಬೆರಳು ಮೂರೂ ಸೇರಿ ಆಗೋ ಕೆಲ್ಸ, ಗುರುಗಳ ಎದುರು ಕೂತೇ ಕಲೀಬೇಕು.

ನುಡಿಸಿ ಆದ್ಮೇಲೆ ರೀಡ್ ತೆಗೆದು ಒರೆಸಿ ಡಬ್ಬಿಗೆ ಹಾಕಿ, ಒಳಗೆ ಬಟ್ಟೆ ಎಳೆದು ತೇವ ತೆಗೀರಿ. ಕರಾವಳಿ ಮಳೆಗಾಲದಲ್ಲಿ ಇದನ್ನ ತಪ್ಪಿಸ್ಲೇಬೇಡಿ, ಪ್ಯಾಡ್‌ಗಳು ಚರ್ಮದ್ದು, ಮೊದ್ಲು ಅಂಟಿಕೊಳ್ಳೋದು ಎಡಗೈ ಕಿರುಬೆರಳಿನ ಜಿ ಶಾರ್ಪ್ ಕೀನೇ. ಅಂಟಿದ್ರೆ ಪ್ಯಾಡ್ ಕೆಳಗೆ ಒಂದು ತೆಳು ಪೇಪರ್ ಇಟ್ಟು ಒತ್ತಿ ಹಿಡಿದು ಬಿಡಿ, ಎಳೆದು ಚರ್ಮ ಕೀಳ್ಬೇಡಿ.