ಭಾಗಮಂಡಲದ ಮಳೆಯಲ್ಲೂ ಸೋರದ ಬಿಪಿ ಕಫ್: ನನ್ನ ಅನುಭವ

ಮೂರು ಮಳೆಗಾಲ ಕಳೆದ ಮೇಲೆ ಧೈರ್ಯವಾಗಿ ಬರೆಯುತ್ತಿದ್ದೇನೆ. ಮಣಿಕಟ್ಟಿಗೆ ಕಟ್ಟುವ ಚಿಕ್ಕ ಬಿಪಿ ಮಿಷನ್‌ಗೆ ನಾನೇ ಮಾಡಿದ ಕಫ್, ಅಂದರೆ ಗಾಳಿ ತುಂಬಿ ಕೈಯನ್ನು ಒತ್ತುವ ಪಟ್ಟಿ, ಈ ಸಲ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನ ಜಡಿಮಳೆಯ ಊರಾದ ಭಾಗಮಂಡಲದಲ್ಲಿದ್ದು ಬಂತು. ಸೋರಲಿಲ್ಲ. "ಇದು ಅಂಗಡಿಯಲ್ಲಿ ಕೂತು ಮಾಡೋ ಕೆಲಸ ಅಲ್ಲ, ಸುಮ್ನೆ ದುಡ್ಡು ಕಳ್ಕೋಬೇಡಿ" ಎಂದವರು ಒಬ್ಬಿಬ್ಬರಲ್ಲ.

ಮಡಿಕೇರಿಯಲ್ಲಿ ನನ್ನದು ರಿಪೇರಿ ಅಂಗಡಿ. ಒಂದು ವಿಷಯ ಮೊದಲಿನಿಂದಲೂ ಕಣ್ಣಿಗೆ ಬೀಳುತ್ತಿತ್ತು. ಮಾಡೆಲ್ ಒಂದೇ ಇದ್ದರೂ ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯಿಂದ ಬಂದ ಮಿಷನ್‌ನಲ್ಲಿ ಪಂಪೋ ಬ್ಯಾಟರಿ ಪಾಯಿಂಟೋ ಹೋಗಿರುತ್ತದೆ, ಮಳೆ ಜಾಸ್ತಿ ಇರುವ ಭಾಗಮಂಡಲ, ನಾಪೋಕ್ಲು ಕಡೆಯದ್ದಾದರೆ ಕಫ್ಫೇ ಹೋಗಿರುತ್ತದೆ. ಬಿಚ್ಚಿದರೆ ಒಳಗಿನ ಚೀಲ ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟುತ್ತದೆ, ಬಟ್ಟೆಯ ಮೇಲೆ ಬೂಷ್ಟು. ಹೊಸ ಕಫ್ ತರಿಸಿದರೆ ಮಿಷನ್‌ನ ಅರ್ಧ ಬೆಲೆ. ಅದೂ ಮುಂದಿನ ಮಳೆಗೆ ಅಷ್ಟೇ.

ಮೊದಲ ವರ್ಷ ನಾನೂ ಎಲ್ಲರ ಮಾತು ಕೇಳಿ ಒಳಗಿನ ಚೀಲಕ್ಕೆ ದಪ್ಪ ಫಿಲ್ಮ್‌ಗೆ ಹೋದೆ. 0.4 ಮಿ.ಮೀ. ಟಿಪಿಯು (ರಬ್ಬರ್‌ನಂತೆ ಬಳುಕುವ ಪ್ಲಾಸ್ಟಿಕ್), ಒಂದು ರೋಲ್‌ಗೆ ಸುಮಾರು 11 ಸಾವಿರ. ಕಾಫಿ ಪುಡಿ ಪ್ಯಾಕೆಟ್ ಅಂಟಿಸುವ ಸೀಲರ್‌ನಲ್ಲಿ ನಾಲ್ಕೂ ಕಡೆ ಒತ್ತಿದೆ. ನೋಡಲು ಚೆನ್ನಾಗೇ ಇತ್ತು. ಗಾಳಿಯ ಒತ್ತಡ 200ಕ್ಕೆ ಏರಿಸಿ ಇಳಿಸಿ ಮಾಡಿದರೆ ನಾನೂರು ಐನೂರು ಸಲಕ್ಕೆ ಮೂಲೆ ಬಿಡುತ್ತಿತ್ತು. ಪ್ರತಿ ಸಲವೂ ಮೂಲೆಯೇ. ಲೆನ್ಸ್ ಹಿಡಿದು ನೋಡಿದಾಗ ಗೊತ್ತಾಯಿತು. ಆ ಸೀಲರ್‌ನ ತಂತಿ ನೇರ. ಎರಡು ಸೀಲ್ ಒಂದರ ಮೇಲೊಂದು ಹಾದು ಹೋಗುವ ಜಾಗದಲ್ಲಿ ಫಿಲ್ಮ್ ಎರಡು ಸಲ ಕರಗಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಗಾಳಿಯ ಒತ್ತಡ ಬಂದು ಎರಡು ಪದರವನ್ನು ಸುಲಿಯಲು ಶುರು ಮಾಡುವುದೂ ಅಲ್ಲಿಂದಲೇ. ಫಿಲ್ಮ್ ದಪ್ಪ ಮಾಡಿ ಏನು ಉಪಯೋಗ? ದಪ್ಪ ಫಿಲ್ಮ್ ಮಣಿಕಟ್ಟಿನ ಸುತ್ತ ಮಡಚುವಾಗ ಸುಕ್ಕು ಬೀಳುತ್ತದೆ, ಆ ಸುಕ್ಕೇ ಆಮೇಲೆ ಸೀಳುತ್ತದೆ.

ಆಗ ಸೀಲ್ ಅಗಲ ಮಾಡಲು ಹೋಗಿ ಗಾಳಿಚೀಲವನ್ನೇ ಒಂದು ಸೆಂಟಿಮೀಟರ್ ಕಿರಿದು ಮಾಡಿದೆ. ಸೋರುವುದು ಕಡಿಮೆಯಾಯಿತು, ರೀಡಿಂಗ್ ಕೆಟ್ಟಿತು. ಹೆಂಡತಿಯ ಕೈಗೆ ಕಟ್ಟಿದೆ, ಯಾವಾಗಲೂ 125ರ ಹತ್ತಿರ ಇರುವವಳಿಗೆ 140 ತೋರಿಸಿತು. "ರೀ, ನಂಗೆ ಮಾತ್ರೆ ಶುರು ಮಾಡ್ಬೇಕಾ?" ಎಂದು ಅವಳು ಹೆದರಿದಳು. ಚೀಲ ಕಿರಿದಾದರೆ ರೀಡಿಂಗ್ ಮೇಲೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದ್ದೆ. ಅವತ್ತೇ ಆ ಬ್ಯಾಚ್‌ನ ಹನ್ನೆರಡನ್ನೂ ಕತ್ತರಿಸಿ ಎಸೆದೆ. ಒಳಗಿನ ಅಳತೆ ಮೂಲ ಕಫ್‌ನಷ್ಟೇ ಇರಬೇಕು, ಅದರಲ್ಲಿ ರಾಜಿ ಇಲ್ಲ.

ಎರಡನೇ ವರ್ಷ ಮೈಸೂರಿನಲ್ಲಿ ಹಿತ್ತಾಳೆಯ ಡೈ (ಬಿಸಿ ಮಾಡಿ ಒತ್ತುವ ಅಚ್ಚು) ಮಾಡಿಸಿದೆ, ಎಂಟು ಸಾವಿರ ಚಿಲ್ಲರೆ. ಮೂಲೆಗಳು ಉರುಟು, ಸೀಲ್ 5 ಮಿ.ಮೀ. ಅಗಲ, ಒಂದೇ ಒತ್ತಿಗೆ ಪೂರ್ತಿ ಸುತ್ತು. ಫಿಲ್ಮ್ 0.2ಕ್ಕೆ ಇಳಿಸಿದೆ, ಪಾಲಿಯೆಸ್ಟರ್ ಜಾತಿಯ ಟಿಪಿಯು ಬಿಟ್ಟು ಪಾಲಿಈಥರ್ ಜಾತಿಯದ್ದನ್ನು ತರಿಸಿದೆ. ಪಾಲಿಯೆಸ್ಟರ್ ಜಾತಿಯದ್ದು ತೇವದಲ್ಲಿ ನಿಧಾನವಾಗಿ ಒಡೆಯುತ್ತದೆ, ಆ ಹಲಸಿನ ಮೇಣದ ಗುಟ್ಟು ಅದೇ. ಬೆಲೆ ಜಾಸ್ತಿ, ಕೊಡಲೇಬೇಕು. ಗಾಳಿ ಹೋಗುವ ನಳಿಕೆಯೂ ಟಿಪಿಯುದ್ದೇ, ಚೀಲ ಮುಚ್ಚುವ ಮೊದಲೇ ಒಳಗಿನಿಂದ ಅಂಟಿಸಿಬಿಡುತ್ತೇನೆ. ಚೀಲ ಮಡಚುವ ಗೆರೆಯ ಮೇಲೆ ಮಾತ್ರ ಅದು ಬರಬಾರದು.

ಇಷ್ಟಾದರೂ ಜುಲೈನಲ್ಲಿ ಮಾಡಿದ್ದು ಸೋರಿತು, ಮಾರ್ಚ್‌ನಲ್ಲಿ ಮಾಡಿದ್ದು ಸೋರಲಿಲ್ಲ. ಅದೇ ಡೈ, ಅದೇ ರೋಲ್. ಎರಡು ವಾರ ತಲೆ ಕೆಡಿಸಿಕೊಂಡೆ. ಸೀಲ್ ಅನ್ನು ಬೆಳಕಿಗೆ ಹಿಡಿದರೆ ಒಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು. ಫಿಲ್ಮ್ ಗಾಳಿಯ ತೇವ ಕುಡಿದಿತ್ತು, ಬಿಸಿಗೆ ಆ ನೀರು ಆವಿಯಾಗಿ ಗುಳ್ಳೆ. ಮೊದಲು ಒಲೆ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ, ಮಸಿ ಹಿಡಿಯಿತು. ಆಮೇಲೆ ಹಳೆಯ ಫ್ರಿಡ್ಜ್ ಡಬ್ಬದೊಳಗೆ 60 ವ್ಯಾಟ್‌ನ ಎರಡು ಬಲ್ಬ್ ಕಟ್ಟಿದೆ. ಮೂರು ಗಂಟೆ ಒಣಗಿಸಿ, ತಣ್ಣಗಾಗುವ ಮೊದಲೇ ಸೀಲ್ ಮಾಡುತ್ತೇನೆ. ಗುಳ್ಳೆ ನಿಂತಿತು. ಡೈ ಎಷ್ಟು ಬಿಸಿ ಇರಬೇಕು, ಒತ್ತಿದ ಮೇಲೆ ಎಷ್ಟು ಹೊತ್ತು ತೆಗೆಯಬಾರದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಬಿಸಿ ಇರುವಾಗ ಒತ್ತು ತೆಗೆಯಬೇಡಿ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ಮುಖ್ಯ. ಹೊರಗಿನ ನೈಲಾನ್ ಚೀಲವನ್ನು ಗಾಳಿಚೀಲಕ್ಕಿಂತ ಎರಡು ಮೂರು ಮಿ.ಮೀ. ಚಿಕ್ಕದಾಗಿ ಹೊಲಿಸಿದೆ. ಟೈಲರ್ "ಅಣ್ಣಾ, ಅಳತೆ ತಪ್ಪಿದೆ" ಎಂದು ವಾಪಸ್ ತಂದ. ತಪ್ಪಿಲ್ಲ, ಬೇಕೆಂದೇ ಹಾಗೆ. ಹಿಗ್ಗುವ ಮೊದಲೇ ಬಟ್ಟೆ ತಡೆದರೆ ಎಳೆತವೆಲ್ಲ ಬಟ್ಟೆಗೆ ಹೋಗುತ್ತದೆ, ಸೀಲ್ ಆರಾಮಾಗಿರುತ್ತದೆ.

ನಡುವೆ ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಚೀಲ ಮಾಡಿದ್ದೆ. ಗಾಳಿ ಹಿಡಿಯುವುದರಲ್ಲಿ ಅದನ್ನು ಮೀರಿಸುವಂಥದ್ದು ಇಲ್ಲ. ಆದರೆ ರಬ್ಬರ್ ದಪ್ಪ, ನಾಡಿಯ ಸಣ್ಣ ಮಿಡಿತ ಸೆನ್ಸರ್ ತನಕ ಬರಲೇ ಇಲ್ಲ.

ಪರೀಕ್ಷೆಗೆ ಚಿಕ್ಕ ಪಂಪ್, ಕರೆಂಟ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಇವನ್ನು ನಡೆಸಿ ಎಣಿಸಲು ಆರ್ಡುವಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಒತ್ತಡ ಅಳೆಯಲು ಎಂಪಿಎಕ್ಸ್5050 ಸೆನ್ಸರ್. ನಿಮಿಷಕ್ಕೆ ಎರಡು ಸಲ ಏರಿಳಿತ. ಕರೆಂಟ್ ಹೋದರೆ ಎಣಿಕೆ ಅಳಿಸಿ ಹೋಗುತ್ತಿತ್ತು, ಯುಪಿಎಸ್‌ಗೆ ಮತ್ತೆ ನಾಲ್ಕು ಸಾವಿರ. ಈಗಿನದ್ದು 30 ಸಾವಿರ ಸಲ ದಾಟಿದೆ. ಅರ್ಧ ಗಂಟೆಗೊಮ್ಮೆ ಹಗಲು ರಾತ್ರಿ ಅಳೆದರೂ ಒಂದೂವರೆ ವರ್ಷಕ್ಕಿಂತ ಜಾಸ್ತಿ ಆಯಿತಲ್ವಾ? ಆಟೊಮ್ಯಾಟಿಕ್ ಮಿಷನ್‌ಗೆ ನಿಮಿಷಕ್ಕೆ ಪಾದರಸದ ಲೆಕ್ಕದಲ್ಲಿ 6 ಮಿ.ಮೀ. ತನಕ ಒತ್ತಡ ಇಳಿಯುವಷ್ಟು ಸೋರಿಕೆ ಒಪ್ಪುತ್ತಾರೆ. ನನ್ನದು 2 ದಾಟಿಲ್ಲ. ಆದರೂ ಪ್ರತಿಯೊಂದನ್ನೂ ಮೂಲ ಕಫ್‌ನ ಪಕ್ಕ ಇಟ್ಟು ಹೋಲಿಸಿಯೇ ಕೊಡುತ್ತೇನೆ, ರೀಡಿಂಗ್ ನಂಬಿ ಜನ ಮಾತ್ರೆ ನುಂಗುತ್ತಾರೆ.

ಒಟ್ಟು ಖರ್ಚು 70 ಸಾವಿರದ ಆಚೀಚೆ. ಈಗ ಒಂದು ಕಫ್‌ಗೆ ಸಾಮಾನಿನ ಖರ್ಚು 140 ಬೀಳುತ್ತದೆ. ಹೊರಗೆ ಕೊಟ್ಟ ಹದಿನಾಲ್ಕರಲ್ಲಿ ಒಂದೇ ವಾಪಸ್ ಬಂತು, ಅದೂ ವೆಲ್ಕ್ರೊ ಹಿಡಿಯದೆ. ಕೊಕ್ಕೆಗಳ ತುಂಬ ಸ್ವೆಟರ್‌ನ ಜುಂಗು. ಕಾಫಿ ಕುಯ್ಲಿನವರು ಬೆಳಿಗ್ಗೆ ಚಳಿಗೆ ಸ್ವೆಟರ್ ಹಾಕಿ ಅದರ ಮೇಲೇ ಕಟ್ಟಿದ್ದರು. ಈಗ ಕೊಕ್ಕೆಯ ಬದಲು ಲೋಹದ ಬಳೆಯಲ್ಲಿ ಪಟ್ಟಿ ಎಳೆದು ಕಟ್ಟುವ ಹಾಗೆ ಮಾಡುತ್ತಿದ್ದೇನೆ.