ದೇವರ ಪಿಗ್ಮಿ, ಭಾನುವಾರದ ಬೀಗ: ನನ್ನ ಅನುಭವ

ದಿನದ ಪ್ರಾರ್ಥನೆ, ದೇವರಿಗೆಂದು ಕಟ್ಟುವ ಪಿಗ್ಮಿ (ಏಜೆಂಟ್ ದಿನಾ ಬಂದು ಕಟ್ಟಿಸಿಕೊಳ್ಳುವ ಸಣ್ಣ ಉಳಿತಾಯ), ಭಾನುವಾರ ಅಂಗಡಿಗೆ ಬೀಗ: ಇವನ್ನು ಶುರು ಮಾಡಿ ಮೂರು ವರ್ಷ ದಾಟಿತು, ಇನ್ನೂ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಶುರು ಮಾಡಿದಾಗ ನಮ್ಮ ಸಭೆಯವರೇ (ಚರ್ಚಿನವರೇ) "ಲೆಂಟ್ ಮುಗಿಯೋದರೊಳಗ ಬಿಡ್ತೀರಿ ಬ್ರದರ್" ಅಂದಿದ್ದರು. ಲೆಂಟ್ ಅಂದರೆ ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ಉಪವಾಸಕಾಲ. ಒಬ್ಬ ಹಿರಿಯರಂತೂ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಎಲ್ಲರ ಎದುರಿಗೆ "ಏನ್ರೀ, ಯೇಸುಸ್ವಾಮಿಗೂ ಪಿಗ್ಮಿ ಕಟ್ಟಾಕತ್ತೀರಂತಲ್ಲ?" ಎಂದು ಕೇಳಿದರು. ಹೌದು, ಕಟ್ಟುತ್ತಿದ್ದೇನೆ. ಈಗ ಅವರ ಮಗನೂ ಕಟ್ಟುತ್ತಿದ್ದಾನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಡು ಲೇತ್ (ಲೋಹ ತಿರುಗಿಸಿ ಕೆತ್ತುವ ಮಷೀನ್) ಇಟ್ಟುಕೊಂಡು ಜಾಬ್ ವರ್ಕ್, ಅಂದರೆ ಬೇರೆಯವರ ಆರ್ಡರ್‌ಗೆ ಬಿಡಿಭಾಗ, ಮಾಡುವವನು. ಪ್ರಾರ್ಥನೆ ಯಾಕೆ, ವಾಕ್ಯ (ಬೈಬಲ್ ಓದು) ಯಾಕೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು ದೇವರಿಗೆ) ಯಾಕೆ ಅಂತ ಇಲ್ಲಿ ಹೇಳುವುದಿಲ್ಲ, ಅದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಯಾಕೆ ರೂಢಿಯಾಗಿ ಉಳಿಯುವುದಿಲ್ಲ, ಅದು ನನ್ನ ತಲೆ ತಿಂದ ಪ್ರಶ್ನೆ.

ನಮ್ಮಲ್ಲಿ ಎಲ್ಲರೂ ಶುರು ಮಾಡುವುದು ಡಿಸೆಂಬರ್ 31ರ ರಾತ್ರಿ. ವಾಚ್‌ನೈಟ್ ಆರಾಧನೆ, ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು, ಕಣ್ಣೀರು, ತೀರ್ಮಾನ. ಮರುದಿನ ಆದಿಕಾಂಡ ಒಂದನೇ ಅಧ್ಯಾಯ. ಸತ್ಯವೇದದಲ್ಲಿ 1189 ಅಧ್ಯಾಯ ಇವೆ, ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಓದಬೇಕು. ಜನವರಿ ಕೊನೆಗೆ ಬಲಿಯ ನಿಯಮಗಳೇ ತುಂಬಿದ ಯಾಜಕಕಾಂಡ ಬರುತ್ತದೆ, ಅಲ್ಲಿಗೆ ಬಹಳ ಜನರದ್ದು ನಿಂತುಹೋಗುತ್ತದೆ. ನನ್ನದೂ ಎಷ್ಟೋ ವರ್ಷ ಅಲ್ಲೇ ನಿಂತಿದೆ. ನಿಂತಾಗೆಲ್ಲ ಏನೋ ಒಂದು ಕೊಳ್ಳುತ್ತಿದ್ದೆ. ಸ್ಟಡಿ ಬೈಬಲ್‌ಗೆ ಎರಡು ಸಾವಿರದ ಮೇಲೆ ಹೋಯಿತು, ಧ್ವನಿ ಬೈಬಲ್ ಕೇಳಲು ಒಂದು ಸ್ಪೀಕರ್ ಬಂತು, ಒಂದು ಧ್ಯಾನಕೂಟಕ್ಕೆ ಹೋಗಿ ಬಂದದ್ದು ಕೆಲಸ ಬಿಟ್ಟದ್ದೂ ಸೇರಿ ಏಳೆಂಟು ಸಾವಿರ. ಒಟ್ಟು ಹದಿನೈದು ಸಾವಿರದ ಆಸುಪಾಸು ಖರ್ಚಾಗಿರಬೇಕು. ಒಂದೂ ರೂಢಿಯಾಗಿ ಉಳಿಯಲಿಲ್ಲ.

ನಸುಕಿನ ನಾಲ್ಕೂವರೆಗೆ ಏಳುವುದನ್ನೂ ಮಾಡಿ ನೋಡಿದೆ. ರಾತ್ರಿ ಹತ್ತಕ್ಕೆ ಮಷೀನ್ ಬಂದ್ ಮಾಡಿ ಬರುವವನಿಗೆ ಅದು ಆಗುವ ಮಾತಲ್ಲ. ತಿರುಗುವ ಚಕ್ ಮುಂದೆ ತೂಕಡಿಸುವುದು ಭಕ್ತಿ ಅಲ್ಲ, ಅಪಾಯ. ಹದಿನೈದು ದಿನಕ್ಕೆ ಬಿಟ್ಟೆ. ಬದಲಿಗೆ ಬೆಳಗ್ಗೆ ಲೇತ್ ಬೆಡ್‌ಗೆ ಎಣ್ಣೆ ಹಾಕಿದ ಮೇಲೆ, ಸ್ವಿಚ್ ಒತ್ತುವ ಮೊದಲು, ಅಲ್ಲೇ ಸ್ಟೂಲ್ ಮೇಲೆ ಕೂತು ಒಂದು ಕೀರ್ತನೆ (ಬೈಬಲ್‌ನ ಕೀರ್ತನೆಗಳ ಪುಸ್ತಕದ ಒಂದು ಹಾಡು) ಓದಿ ಪ್ರಾರ್ಥನೆ ಮಾಡಲು ಶುರು ಮಾಡಿದೆ. ಹತ್ತು ನಿಮಿಷ, ಅಷ್ಟೇ. ಎಣ್ಣೆ ಹಾಕದೆ ಮಷೀನ್ ಶುರು ಮಾಡುವ ಮಾತೇ ಇಲ್ಲ ಅಲ್ವಾ, ಹಾಗಾಗಿ ಪ್ರಾರ್ಥನೆಯೂ ತಪ್ಪಲಿಲ್ಲ.

ಎರಡನೆಯ ಬದಲಾವಣೆ ಕ್ಯಾಲೆಂಡರ್‌ನದು. ಸಭೆಯ ವರ್ಷ ಶುರುವಾಗುವುದು ಜನವರಿಗೆ ಅಲ್ಲ, ಅಡ್ವೆಂಟ್‌ಗೆ (ಕ್ರಿಸ್ಮಸ್‌ಗೆ ಸಿದ್ಧವಾಗುವ ಕಾಲ), ಅಂದರೆ ನವೆಂಬರ್ 30ರ ಹತ್ತಿರದ ಭಾನುವಾರ. ನಾನೂ ಅಲ್ಲಿಂದಲೇ ಎಣಿಸಲು ಹಿಡಿದೆ. ಒಂದು ಕಾಲಕ್ಕೆ ತಿದ್ದಿಕೊಳ್ಳಬೇಕಾದ ಒಂದೇ ವಿಷಯ. ಮೊದಲ ಅಡ್ವೆಂಟ್‌ಗೆ ಬಾಯಿ. ಅಂಗಡಿಯಲ್ಲಿ ಹುಡುಗರು ಸೈಜ್ ತಪ್ಪಿಸಿ ಪೀಸ್ ರಿಜೆಕ್ಟ್ ಆದಾಗ ಬಾಯಿಗೆ ಬಂದದ್ದು ಬೈಯುವುದನ್ನು ನಿಲ್ಲಿಸುವುದು. ಕ್ರಿಸ್ಮಸ್‌ಗೆ ಅದು ಮುಗಿಯಲಿಲ್ಲ, ಲೆಂಟ್‌ಗೂ ಅದನ್ನೇ ಮುಂದುವರಿಸಿದೆ. ಬೈಬಲ್‌ನ ಗಲಾತ್ಯ 5ರಲ್ಲಿ ಆತ್ಮದ ಫಲದ ಒಂಬತ್ತು ಗುಣಗಳಿವೆ (ಪ್ರೀತಿ, ಸಂತೋಷ, ಸಹನೆ ಮುಂತಾದವು), ಒಂಬತ್ತನ್ನೂ ಒಟ್ಟಿಗೆ ಹಿಡಿಯಲು ಹೋದವರು ಒಂದನ್ನೂ ಹಿಡಿದದ್ದು ನಾನು ನೋಡಿಲ್ಲ. ನನಗೆ ಸಹನೆ ಒಂದಕ್ಕೇ ಸುಮಾರು ಎಂಟು ತಿಂಗಳು ಬೇಕಾಯಿತು. ಆದರೆ ಬಂತು. ಯಾವ ಹುಡುಗನೂ ಈಗ ಎರಡು ವರ್ಷದಿಂದ ಕೆಲಸ ಬಿಟ್ಟು ಹೋಗಿಲ್ಲ, ನಮ್ಮ ಸಾಲಿನ ಬೇರೆ ಅಂಗಡಿಗಳಲ್ಲಿ ಕೇಳಿ ನೋಡಿ, ಇದು ಸಣ್ಣ ಮಾತಲ್ಲ.

ಇನ್ನು ದುಡ್ಡು. ಜಾಬ್ ವರ್ಕ್ ಬಿಲ್ಲು ಎರಡು ಮೂರು ತಿಂಗಳಿಗೆ ಬರುತ್ತದೆ. ಬಂದಾಗ ಕರೆಂಟ್ ಬಿಲ್, ಟೂಲ್ ಬಿಟ್, ಅಂಗಡಿ ಬಾಡಿಗೆ ಎಲ್ಲಾ ಬಾಯಿ ತೆರೆದುಕೊಂಡು ಕೂತಿರುತ್ತವೆ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಹತ್ತನೇ ಒಂದು ತೆಗೆಯುವುದು ಅಂದರೆ ಸೊನ್ನೆಯಲ್ಲಿ ಹತ್ತನೇ ಒಂದು. ಬೇರೆ ಖಾತೆ ತೆರೆದು ಅದರಲ್ಲಿ ಇಟ್ಟೆ, ಅದೂ ಕಾಸ್ಟಿಂಗ್ ಸಾಗಿಸುವ ಗಾಡಿ ಬಾಡಿಗೆಗೆ ಹೋಯಿತು. ಆಗ ಹೊಳೆದದ್ದು ಪಿಗ್ಮಿ. ನಮ್ಮ ಸಾಲಿಗೆ ಸಂಜೆ ಏಜೆಂಟ್ ಬರುತ್ತಾನೆ, ಎಲ್ಲರೂ ಮಗಳ ಮದುವೆಗೋ ಬೈಕಿಗೋ ಕಟ್ಟುತ್ತಾರೆ. ಪಿಗ್ಮಿ ನಮ್ಮ ಕರ್ನಾಟಕದ್ದೇ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ದಿನಗೂಲಿಯವನೂ ಉಳಿಸಲಿ ಅಂತ. ಉಳಿಸಲು ಆಗುವುದಾದರೆ ಕೊಡಲು ಯಾಕೆ ಆಗಬಾರದು? ದಿನಕ್ಕೆ 150 ರೂಪಾಯಿಯಂತೆ ಶುರು ಮಾಡಿದೆ. ಅಡ್ವೆಂಟ್‌ಗೆ ತೆರೆದು ಮುಂದಿನ ಅಡ್ವೆಂಟ್‌ಗೆ ಮುರಿಯುವುದು. ಮೊದಲ ವರ್ಷ 40 ಸಾವಿರದ ಮೇಲೆ ಕೂಡಿತ್ತು. ಸಭೆಯ ವಾರದ ಕಾಣಿಕೆ ಕವರ್ ಬೇರೆ, ಅದು ಇದರಲ್ಲಿ ಸೇರಿಲ್ಲ. ಒಂದು ಉಪಾಯ ಹೇಳುತ್ತೇನೆ: ಖಾತೆ ಮನೆಯವರ ಹೆಸರಿಗೆ ಮಾಡಿಸಿ. ನಡುವೆ ಕೈ ಬಿಗಿಯಾದಾಗ ಮುರಿಯಲು ಅವರನ್ನು ಕೇಳಬೇಕಾಗುತ್ತದೆ, ಕೇಳಲು ನಾಚಿಕೆ ಆಗುತ್ತದೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಕೇಳಬೇಡಿ, ಮತ್ತಾಯ 6 (ದಾನ ಗುಟ್ಟಾಗಿರಲಿ ಅನ್ನುವ ಅಧ್ಯಾಯ) ಓದಿದವರಿಗೆ ಕಾರಣ ಗೊತ್ತು.

ಕೊಟ್ಟದ್ದಕ್ಕೆ ವ್ಯಾಪಾರ ಹತ್ತು ಪಟ್ಟು ಆಯಿತು ಅಂತ ಸಾಕ್ಷಿ ಹೇಳುವವರಿದ್ದಾರೆ. ನನಗೆ ಹಾಗೇನೂ ಆಗಿಲ್ಲ. ದಶಮಾಂಶ ತಂದರೆ ಆಶೀರ್ವಾದ ಸುರಿಸುತ್ತೇನೆ ಅನ್ನುವ ಮಲಾಕಿಯ 3ನ್ನು ಲಾಟರಿ ಟಿಕೆಟ್‌ನಂತೆ ಓದುವುದು ನನಗೆ ಸರಿ ಕಾಣುವುದಿಲ್ಲ. ಭಾನುವಾರ ಅಂಗಡಿಗೆ ಬೀಗ ಹಾಕಿದ್ದಕ್ಕೆ ನಷ್ಟವೇ ಆಯಿತು. ಒಂದು ಪಾರ್ಟಿ (ಗಿರಾಕಿ ಕಂಪನಿ) ಸೋಮವಾರ ಬೆಳಗ್ಗೆಯೇ ಮಾಲು ಬೇಕು ಅನ್ನುತ್ತಿತ್ತು, ಶನಿವಾರ ರಾತ್ರಿ ಮುಗಿಸಿಕೊಡುತ್ತೇನೆ ಅಂದರೂ ಒಪ್ಪಲಿಲ್ಲ. ತಿಂಗಳಿಗೆ ಇಪ್ಪತ್ತು ಸಾವಿರದ ಕೆಲಸ ಹೋಯಿತು, ತಿರುಗಿ ಬರಲೂ ಇಲ್ಲ. ನಡುವೆ ಸಿಕ್ಕ ಹೈಡ್ರಾಲಿಕ್ ಕೆಲಸ ಅದರ ಅರ್ಧದಷ್ಟು. ಆದರೂ ಬೀಗ ತೆಗೆದಿಲ್ಲ. ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಕೂತು ಉಂಡವನಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ಉಳಿದದ್ದು ನನ್ನೊಬ್ಬನಿಂದಲೇ ಅಲ್ಲ. ನಾವು ಮೆಥಡಿಸ್ಟರು, ಆದರೆ ನಮ್ಮ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ 'ಕ್ಲಾಸ್' (ಸಣ್ಣ ಗುಂಪು) ಹೇಗೆ ಹುಟ್ಟಿತು ಅಂತ ನಮ್ಮವರಿಗೇ ಜಾಸ್ತಿ ಗೊತ್ತಿಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡುವುದು, ಸುಮಾರು ಹನ್ನೆರಡು ಜನಕ್ಕೆ ಒಬ್ಬ ಮುಂದಾಳು, ಅವನು ಮನೆಮನೆಗೆ ಹೋಗಿ ವಸೂಲು ಮಾಡುವುದು ಅಂತ ಗೊತ್ತು ಮಾಡಿದರು. ಹಾಗೆ ಹೋದಾಗ ಯಾರು ಹೇಗೆ ಬದುಕುತ್ತಿದ್ದಾರೆ ಅಂತ ಕಣ್ಣಿಗೆ ಬಿತ್ತು. ಹಣದ ವಸೂಲಿಯೇ ಆತ್ಮದ ವಿಚಾರಣೆ ಆಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಈಗ ನಾವು ಮೂರು ಜನ ಶನಿವಾರ ಬಟವಡೆ ಮುಗಿದ ಮೇಲೆ ನನ್ನ ಅಂಗಡಿಯಲ್ಲಿ ಸೇರುತ್ತೇವೆ. ಪಿಗ್ಮಿ ಪಾಸ್‌ಬುಕ್ ಮೇಜಿನ ಮೇಲೆ ಇಡುವುದು, ಚಹಾ ಕುಡಿಯುವುದು, ಆಮೇಲೆ ಒಬ್ಬರನ್ನೊಬ್ಬರು ಒಂದೇ ಪ್ರಶ್ನೆ ಕೇಳುವುದು. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ನಿಮ್ಮದು ನೀವೇ ಹುಡುಕಿಕೊಳ್ಳಬೇಕು, ಸುಳ್ಳು ಉತ್ತರ ಹೇಳಲು ಆಗದಂಥದ್ದು.

ನಡುವೆ ಬೇರೆ ಪ್ರಯೋಗಗಳೂ ಆದವು. ದಿನಕ್ಕೆ ಐದು ಕೀರ್ತನೆಯಂತೆ ತಿಂಗಳಿಗೆ 150ನ್ನೂ ಮುಗಿಸುವುದು ಎರಡು ಸಲ ಆಯಿತು, ಮೂರನೇ ಸಲ ಬಾಯಿ ಮಾತ್ರ ಓದುತ್ತಿತ್ತು, ಬಿಟ್ಟೆ. 119ನೇ ಕೀರ್ತನೆ ಚೆನ್ನಾಗಿ ಕೂಡಿ ಬಂತು: 176 ವಚನ, ಎಂಟೆಂಟರಂತೆ 22 ಭಾಗ, ದಿನಕ್ಕೊಂದು. ಬೈಬಲ್‌ನ ಜ್ಞಾನೋಕ್ತಿಗಳನ್ನು ತಾರೀಖಿನ ಪ್ರಕಾರ ಓದುವುದು, 31 ಅಧ್ಯಾಯ, ಮಕ್ಕಳಿಗೆ ತುಂಬ ಹಿಡಿಸಿದೆ. ವೆಸ್ಲಿಯಂತೆ ಬುಧವಾರ ಶುಕ್ರವಾರ ಉಪವಾಸ ಮಾಡಿ ನೋಡಿದೆ. ಬೇಸಿಗೆಯಲ್ಲಿ ಲೇತ್ ಕೆಲಸದವನಿಗೆ ಎರಡು ದಿನ ಜಾಸ್ತಿ, ಶುಕ್ರವಾರ ಮಧ್ಯಾಹ್ನದ ಊಟ ಒಂದು ಬಿಡುವುದು ಸಾಕು, ಆ ಊಟದ ದುಡ್ಡು ಪಿಗ್ಮಿಗೆ. ನನ್ನ ಹೆಂಡತಿಯ ತವರಿನಲ್ಲಿ ಮರಾಠಿ, ರಾತ್ರಿ ಅವಳು ಮರಾಠಿಯಲ್ಲಿ ಓದುತ್ತಾಳೆ, ನಾನು ಕನ್ನಡದಲ್ಲಿ. ಈ ವರ್ಷ ಲೂಕನ ಸುವಾರ್ತೆ ನಡೆದಿದೆ, ಬಹಳ ನಿಧಾನ, ಅವಸರ ಮಾಡುತ್ತಿಲ್ಲ.

ನಮ್ಮ ಮೂವರ ಗುಂಪಿಗೆ ಸೇರುತ್ತೇವೆ ಅಂತ ಈಗ ಐದಾರು ಜನ ಕೇಳುತ್ತಿದ್ದಾರೆ. ಸೇರಿಸಿಕೊಳ್ಳುತ್ತಿಲ್ಲ. ಎಂಟು ಜನ ಆದರೆ ಅದು ಇನ್ನೊಂದು ಪ್ರಾರ್ಥನಾ ಕೂಟ ಆಗುತ್ತದೆ, ಎಲ್ಲರೂ ಚೆಂದ ಮಾತಾಡಿ ಹೋಗುತ್ತಾರೆ. ನೀವೇ ಮೂರು ಜನ ಕೂಡಿರಿ, ಬೇಕಾದರೆ ಮೊದಲ ಎರಡು ಶನಿವಾರ ನಾನು ಬಂದು ಕೂರುತ್ತೇನೆ. ಈ ಅಡ್ವೆಂಟ್‌ಗೆ ಶುರು ಮಾಡುವವರು ಪಿಗ್ಮಿ ಖಾತೆಯನ್ನು ಒಂದು ವಾರ ಮೊದಲೇ ತೆರೆಯಿರಿ, ಫೋಟೋ, ಆಧಾರ್ ಅಂತ ಏಜೆಂಟ್ ಎರಡು ಸಲ ಓಡಾಡಿಸುತ್ತಾನೆ. ಮೊತ್ತ 20 ರೂಪಾಯಿ ಆದರೂ ಪರವಾಗಿಲ್ಲ, ಆದರೆ ಮೊದಲ ಆರು ತಿಂಗಳು ಏರಿಸಬೇಡಿ.